ತೀರಿದ ಸಾಲಕ್ಕೆ ಕಂತು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಕೇಳದೆ ಬೆಳೆದ ಕನ್ನಡಿಗರಿಲ್ಲ. ಹೆಸರಿನಲ್ಲಿಯೇ ಉಪ್ಪು ಇಟ್ಟುಕೊಂಡ ಉಪ್ಪಿನಬೆಟಗೇರಿಯಲ್ಲಾಗಲಿ, ಅಲ್ಲಿಂದ ಧಾರವಾಡ, ಹುಬ್ಬಳ್ಳಿಯವರೆಗಿನ ಊರುಗಳಲ್ಲಾಗಲಿ, ಒಬ್ಬನಿಗೆ ಕೇಡು ಬಂತೆಂದರೆ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಮೊದಲು ಬರುವ ಮಾತು ಅದೇ. ಕ್ರೈಸ್ತರಾದ ನಾವು ಈ ಗಾದೆಯನ್ನು ದೇವಾಲಯದ ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬಂದೆವೆಂದು ತಿಳಿದಿದ್ದೇವೆ. ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಲೆಂಟ್ ಕಾಲ ಬಂದಾಗ ಅದು ನಮ್ಮ ಪ್ರಾರ್ಥನೆಯ ಭಾಷೆ ಹೊದ್ದುಕೊಂಡು ಹಿಂಬಾಲಿಸಿ ಬರುತ್ತದೆ. ವಿಭೂತಿ ಬುಧವಾರದಿಂದ ಶುಭ ಶುಕ್ರವಾರದವರೆಗೆ ಮಾಡಿದ ಪಾಪಗಳನ್ನು ನೆನೆದು ಕೊರಗಬೇಕು, ಒಂದು ಹೊತ್ತಿನ ಊಟ ಬಿಡಬೇಕು, ಮಾಂಸ ಮುಟ್ಟಬಾರದು, ಹೀಗೆ ಕೊರಗಿದಷ್ಟೂ ಪಾಪದ ಭಾರ ತುಸುತುಸುವಾಗಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಮನೆಮನೆಯ ಪ್ರಾರ್ಥನಾಕೂಟಗಳಲ್ಲಿ ಬೇರೂರಿದೆ. ಅದರ ಜೊತೆಗೆ ಇನ್ನೊಂದು ಎಣಿಕೆಯೂ ಇದೆ. ‘ದೇವರು ನನ್ನನ್ನು ಕ್ಷಮಿಸಿದ್ದಾನೆ’ ಎಂದು ನೆಟ್ಟಗೆ ನಿಂತು ಹೇಳುವವನು ಸೊಕ್ಕಿನವನು. ‘ನನ್ನಂಥ ಪಾಪಿಗೆ ಎಲ್ಲಿಯ ಕ್ಷಮೆ’ ಎಂದು ತಲೆ ತಗ್ಗಿಸಿ ಕೂತವನು ವಿನಯವಂತ. ಈ ಎಣಿಕೆ ತಲೆಕೆಳಗಾದದ್ದು ಎಂಬುದೇ ನನ್ನ ವಾದ. ಕೊಟ್ಟ ಕ್ಷಮೆಯನ್ನು ತೆಗೆದುಕೊಳ್ಳದೆ ಇರುವುದು ವಿನಯವಲ್ಲ, ಕೊಟ್ಟವನ ಮಾತನ್ನು ನಂಬದೆ ಇರುವುದು. ಲೆಂಟಿನ ನಲವತ್ತು ದಿನ ಆ ಅಪನಂಬಿಕೆಗೆ ಭಕ್ತಿಯ ಉಡುಪು ತೊಡಿಸುತ್ತಿದ್ದೇವೆ.

ಈ ಎಣಿಕೆ ಎಲ್ಲಿಂದ ಬಂತೆಂದು ನೋಡಿದರೆ ಅದನ್ನು ಹಿಡಿದವರ ಮೇಲೆ ಸಿಟ್ಟು ಬರುವುದಿಲ್ಲ. ಮಾಡಿದ್ದನ್ನು ಉಣ್ಣಬೇಕು ಎಂಬುದು ಈ ನಾಡಿನ ಹಳೆಯ ನ್ಯಾಯ. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೆಸರಿಟ್ಟಾಗ ಓದುಗರಿಗೆ ಆ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಭಾಗದ ಕ್ರೈಸ್ತರಿಗೆ ಇನ್ನೊಂದು ಬಳುವಳಿಯೂ ಉಂಟು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. (ಆ ಬೆಟಗೇರಿ ಗದಗಿನ ಮಗ್ಗುಲಿನದು, ಹೆಸರು ಕೇಳಿ ಉಪ್ಪಿನಬೆಟಗೇರಿ ಎಂದುಕೊಳ್ಳಬಾರದು.) ಅವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಬೆಳೆದವರು. ಶಾಲೆ ಕಟ್ಟಿದರು, ಅಚ್ಚುಕೂಟ ಹಾಕಿದರು, ಕಿಟೆಲ್ಲರ ಕೈಯಿಂದ 1894ರ ನಿಘಂಟನ್ನು ಕೊಟ್ಟರು. ಆ ಋಣ ಸಣ್ಣದಲ್ಲ. ಆದರೆ ಅವರ ಸಭಾಶಿಸ್ತು ಬಲು ಬಿಗಿ. ತಪ್ಪಿದವರನ್ನು ಕರ್ತನ ಭೋಜನದಿಂದ ದೂರ ಇಡುವುದು, ಸಭೆಯ ಮುಂದೆ ತಪ್ಪೊಪ್ಪಿಸುವುದು, ನಡತೆ ತಿದ್ದಿದೆಯೆಂದು ಹಿರಿಯರಿಗೆ ತೋರಿದ ಮೇಲೆಯೇ ಮತ್ತೆ ಸೇರಿಸಿಕೊಳ್ಳುವುದು ಅದರ ಕ್ರಮ. ಕ್ಷಮೆ ಉಚಿತ ಎಂದು ಅವರು ಪ್ರಸಂಗಪೀಠದಿಂದ ಸಾರಿದ್ದು ನಿಜ. ಆದರೆ ಪೀಠದ ಮಾತಿಗಿಂತ ಸಭೆಯ ನಿಯಮವೇ ಜನರ ಮೈಗೆ ಹೆಚ್ಚು ಅಂಟುತ್ತದೆ. ಕುಲದವರಿಂದ ಹೊರಬಿದ್ದು, ತಿರುಗಿ ಹೋಗಲು ಮನೆಯಿಲ್ಲದೆ ಬಂದವರು ಒಂದು ಕಿವಿಯಲ್ಲಿ ಗಾದೆ, ಇನ್ನೊಂದು ಕಿವಿಯಲ್ಲಿ ಶಿಸ್ತಿನ ನಿಯಮ ಕೇಳಿಸಿಕೊಂಡರು. ಎರಡೂ ಒಂದೇ ಮಾತು ಹೇಳುವಂತೆ ತೋರಿತು: ದೇವರ ಬಳಿ ಖಾತೆಪುಸ್ತಕವಿದೆ, ಬಾಕಿ ಕಟ್ಟಿ ಮುಗಿಯುವತನಕ ಮುಂದಿನ ಸಾಲಿಗೆ ಬರಬೇಡ. ಹಲವು ತಲೆಮಾರು ಕಳೆದರೂ ಆ ಪುಸ್ತಕ ನಮ್ಮ ಮನಸ್ಸಿನಲ್ಲಿ ತೆರೆದೇ ಇದೆ.

ಲೆಂಟ್ ಕಾಲವನ್ನೇ ಸಾಕ್ಷಿಗೆ ಕರೆದರೆ ಅದು ಈ ಎಣಿಕೆಗೆ ವಿರುದ್ಧ ನುಡಿಯುತ್ತದೆ. 325ರಲ್ಲಿ ಕೂಡಿದ ನಿಕೇಯ ಸಭೆಯ ನಿಯಮಗಳಲ್ಲಿಯೇ ಈ ನಲವತ್ತು ದಿನಗಳ ಹೆಸರು ಬರುತ್ತದೆ. ಆ ಕಾಲದ ಸಭೆಗಳಲ್ಲಿ ಈ ದಿನಗಳು ಇಬ್ಬರಿಗೆ ಮುಖ್ಯವಾಗಿದ್ದವು. ಒಬ್ಬರು ಈಸ್ಟರ್ ಹೊತ್ತಿಗೆ ದೀಕ್ಷಾಸ್ನಾನ ಪಡೆಯಲು ಸಿದ್ಧವಾಗುತ್ತಿದ್ದವರು. ಇನ್ನೊಬ್ಬರು ದೊಡ್ಡ ತಪ್ಪು ಮಾಡಿ ಪಂಕ್ತಿಯಿಂದ ಹೊರಗುಳಿದವರು. ರೋಮ್ ಪಟ್ಟಣದ ಪದ್ಧತಿಯಲ್ಲಿ ಈಸ್ಟರಿಗೆ ಮುಂಚಿನ ಗುರುವಾರ ಇವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳುತ್ತಿದ್ದರು. ಆ ನಲವತ್ತು ದಿನಗಳ ಮುಖ ಮನೆಯ ಕಡೆಗೆ ಇತ್ತು. ಕೊನೆಗೆ ಕಾದಿದ್ದದ್ದು ಊಟದ ಪಂಕ್ತಿ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿ ನೋಡಿದರೆ ಸಿಗುವುದು ನಲವತ್ತಲ್ಲ, 46 ದಿನ. ನಡುವಿನ ಆರು ಭಾನುವಾರಗಳು ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ, ಏಕೆಂದರೆ ಭಾನುವಾರ ಪುನರುತ್ಥಾನದ ದಿನ, ಆ ದಿನ ಶೋಕವಿಲ್ಲ. ದುಃಖಕ್ಕೆಂದೇ ಇಟ್ಟರೆಂದು ನಾವು ತಿಳಿದ ಕಾಲದ ಒಡಲಲ್ಲಿ ಹಿರಿಯರು ವಾರಕ್ಕೊಮ್ಮೆ ಸಂತೋಷವನ್ನು ಹೊಲಿದಿಟ್ಟಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ಈ ಜಗಳವೇ ಬಹಿರಂಗವಾಗಿ ನಡೆದು ತೀರ್ಮಾನವಾದದ್ದು ಕಾಣುತ್ತದೆ. 250ರಲ್ಲಿ ರೋಮಿನ ಚಕ್ರವರ್ತಿ ದೇಸಿಯಸ್ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಜೀವಭಯದಿಂದ ಬಹಳ ಕ್ರೈಸ್ತರು ಸೋತರು. ಸೋತವರು ಅಳುತ್ತ ತಿರುಗಿ ಬಂದಾಗ ರೋಮಿನ ಹಿರಿಯ ನೊವೇಷಿಯನ್ ಬಾಗಿಲು ತೆಗೆಯಕೂಡದೆಂದ: ಅವರು ಸಾಯುವವರೆಗೆ ಅಳಲಿ, ಕ್ಷಮೆ ಕೊಡುವುದು ಬಿಡುವುದು ದೇವರಿಗೆ ಬಿಟ್ಟದ್ದು, ಸಭೆ ಕೊಡಲಾರದು. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್, ಕಾರ್ತೇಜಿನ ಬಿಷಪ್ ಸಿಪ್ರಿಯನ್ ಈ ಮಾತನ್ನು ಎದುರಿಸಿ ನಿಂತರು. ಸಭೆ ನೊವೇಷಿಯನ್ನನನ್ನು ತಳ್ಳಿಹಾಕಿತು. ಸಾಯುವವನಿಗೆ ಕೊನೆಯ ಪ್ರಸಾದವನ್ನು ಯಾರೂ ತಡೆಯಬಾರದೆಂದು ನಿಕೇಯ ಸಭೆ ಮುಂದೆ ನಿಯಮವನ್ನೇ ಬರೆಯಿತು. ಇಂದು ನಮ್ಮ ನಡುವೆ ವಿನಯವೆಂದು ಹೊಗಳಿಸಿಕೊಳ್ಳುತ್ತಿರುವ ಮಾತನ್ನು ಸಭೆ ಹದಿನೇಳು ನೂರು ವರ್ಷಗಳ ಹಿಂದೆಯೇ ತಪ್ಪೆಂದು ತೀರ್ಪು ಕೊಟ್ಟು ಹೊರಗಿಟ್ಟಿದೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯವನ್ನು ನಾವು ಪ್ರತಿ ಲೆಂಟಿನಲ್ಲಿಯೂ ಓದುತ್ತೇವೆ, ಆದರೆ ಅರ್ಧಕ್ಕೇ ನಿಲ್ಲಿಸುತ್ತೇವೆ. ಆಸ್ತಿಯನ್ನೆಲ್ಲ ಹಾಳುಮಾಡಿ ಹಂದಿ ಕಾಯುವ ಸ್ಥಿತಿಗೆ ಬಂದ ಕಿರಿಯ ಮಗ ಊರಿಗೆ ಹೊರಡುವ ಮೊದಲು ಒಂದು ಮಾತು ಸಿದ್ಧಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ತುಂಡುಗಳಿವೆ: ತಪ್ಪು ಮಾಡಿದ್ದೇನೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮೂರನೆಯ ತುಂಡಿನಲ್ಲಿಯೇ ಅವನ ಲೆಕ್ಕಾಚಾರವೆಲ್ಲ ಇದೆ. ಆಳು ಎಂದರೆ ಏನೆಂದು ಧಾರವಾಡ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಯುಗಾದಿಯಿಂದ ಯುಗಾದಿಗೆ ಸಂಬಳ ಗೊತ್ತುಮಾಡಿ ಇಟ್ಟುಕೊಂಡ ಆಳಿಗೆ ಮುಂಗಡ, ದುಡಿಮೆ, ಬಾಕಿ ಎಂಬ ಮೂರೇ ಮಾತಿನ ಸಂಬಂಧ; ಲೆಕ್ಕ ಚುಕ್ತಾ ಆದ ದಿನ ಅವನು ಯಾರಿಗೂ ಏನೂ ಅಲ್ಲ. ಈ ಮಗನಿಗೆ ಬೇಕಾದದ್ದೂ ಅದೇ. ದುಡಿದು ತೀರಿಸಿದರೆ ಅಪ್ಪನಿಗೆ ತಾನು ಋಣಿಯಾಗಿ ಉಳಿಯಬೇಕಿಲ್ಲ. ಅಪ್ಪ ಓಡಿಬಂದು ಅಪ್ಪಿಕೊಂಡ ಮೇಲೆ ಅವನು ಮೊದಲ ಎರಡು ತುಂಡುಗಳನ್ನು ಹೇಳುತ್ತಾನೆ, ಮೂರನೆಯದನ್ನು ಹೇಳಲು ಅಪ್ಪ ಬಿಡುವುದಿಲ್ಲ. ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿಸಿಕೊಂಡವನು ಆಳಾಗುವ ಬೇಡಿಕೆ ಬಾಯಿಗೆ ಬರುವ ಮುನ್ನವೇ ನಿಲುವಂಗಿ ತರಲು ಆಳುಗಳಿಗೆ ಹೇಳುತ್ತಾನೆ. ನಮ್ಮ ಲೆಂಟಿನ ಪ್ರಾರ್ಥನೆಗಳಲ್ಲಿ ಬಹುಪಾಲು ಈ ಮೂರನೆಯ ತುಂಡಿನವೇ. ಕ್ಷಮೆ ಕೇಳುವ ಹೆಸರಿನಲ್ಲಿ ನಾವು ಆಳಿನ ಕೆಲಸ ಕೇಳುತ್ತಿದ್ದೇವೆ. ಅದೇ ಮನೆಯಲ್ಲಿ ಇನ್ನೊಬ್ಬ ಮಗನೂ ಇದ್ದಾನೆ. ಇಷ್ಟು ವರ್ಷ ನಿನಗೆ ದುಡಿದೆ, ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು ಹಬ್ಬದ ಮನೆಯ ಹೊಸ್ತಿಲಲ್ಲಿ ನಿಂತು ಲೆಕ್ಕ ಕೇಳುವವನು ಅವನು. ಕಿರಿಯವನು ಆಳಾಗಬೇಕೆಂದು ಬಂದು ಮಗನಾದ. ಹಿರಿಯವನು ಮಗನಾಗಿದ್ದೂ ಆಳಿನಂತೆ ಬದುಕಿದ. ಆ ರಾತ್ರಿ ಮನೆಯ ಹೊರಗೆ ಉಳಿದವನು ಲೆಕ್ಕವಿಟ್ಟವನು.

ಲೆಕ್ಕದ ಮಾತಿಗೆ ಯೇಸು ಮತ್ತಾಯನ 18ನೆಯ ಅಧ್ಯಾಯದಲ್ಲಿ ಅಂಕಿಗಳಲ್ಲಿಯೇ ಉತ್ತರ ಕೊಟ್ಟಿದ್ದಾನೆ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದೀನಾರ. ಒಂದು ದೀನಾರ ಅಂದಿನ ಒಬ್ಬನ ಒಂದು ದಿನದ ಕೂಲಿ. ಗುಣಿಸಿದರೆ ಆರು ಕೋಟಿ ದಿನಗಳ ಕೂಲಿಯಾಗುತ್ತದೆ. ವರ್ಷಕ್ಕೆ ಮುನ್ನೂರು ದಿನ ದುಡಿದು ಒಂದು ಕಾಸೂ ತಿನ್ನದೆ ಕಟ್ಟಿದರೂ ಎರಡು ಲಕ್ಷ ವರ್ಷ ಬೇಕು. ಇಂಥವನು ಅರಸನ ಕಾಲಿಗೆ ಬಿದ್ದು ಕೇಳುವುದಾದರೂ ಏನು? ಸಾಲ ಮನ್ನಾ ಮಾಡು ಎಂದಲ್ಲ. ಸ್ವಲ್ಪ ತಾಳು, ಎಲ್ಲವನ್ನೂ ತೀರಿಸುತ್ತೇನೆ ಎಂದು. ಅವನಿಗೆ ಬೇಕಾದದ್ದು ವಾಯಿದೆ. ಅರಸ ವಾಯಿದೆ ಕೊಡಲಿಲ್ಲ, ಕೇಳದೆ ಇದ್ದದ್ದನ್ನು ಕೊಟ್ಟ, ಸಾಲವನ್ನೇ ಬಿಟ್ಟುಬಿಟ್ಟ. ಆದರೆ ಸೇವಕನ ಕಿವಿಗೆ ಅದು ಇಳಿದಂತೆ ಕಾಣುವುದಿಲ್ಲ. ಅರಮನೆಯ ಮೆಟ್ಟಿಲು ಇಳಿದವನು ನೂರು ದೀನಾರ, ಅಂದರೆ ನೂರು ದಿನದ ಕೂಲಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಯಾಕೆ ಹಿಡಿದ ಎಂಬ ಪ್ರಶ್ನೆಗೆ ಅವನು ಕೆಟ್ಟವನು ಎಂಬ ಉತ್ತರ ಸಾಲದು. ತನ್ನ ಸಾಲ ಹೋಯಿತೆಂದು ನಂಬಿದವನು ನೂರು ದೀನಾರಕ್ಕೆ ಹಾಗೆ ಹಪಹಪಿಸುವುದಿಲ್ಲ. ಇವನ ತಲೆಯಲ್ಲಿ ಸಾಲ ಇನ್ನೂ ಇದೆ, ಸಿಕ್ಕಿದ್ದು ವಾಯಿದೆ ಮಾತ್ರ, ಮೊದಲ ಕಂತು ಕೂಡಿಸಲು ಹೊರಟಿದ್ದಾನೆ. ಕ್ಷಮೆಯನ್ನು ತೆಗೆದುಕೊಳ್ಳದೆ ಇರುವುದು ಅವರವರ ಖಾಸಗಿ ದುಃಖ, ಇತರರಿಗೆ ಅದರಿಂದ ಏನು ಕೇಡು ಎನ್ನುವವರು ಈ ಕುತ್ತಿಗೆಯನ್ನು ನೋಡಬೇಕು. ತಮ್ಮ ಪಾಪದ ಲೆಕ್ಕವನ್ನು ನಲವತ್ತು ದಿನ ತಿರುವಿಹಾಕುವವರು ಸೊಸೆಯ ತಪ್ಪಿನ ಲೆಕ್ಕವನ್ನೂ, ಬದುವಿನ ಜಗಳದಲ್ಲಿ ಎದುರಾದ ತಮ್ಮನ ಲೆಕ್ಕವನ್ನೂ ಅಷ್ಟೇ ಚೊಕ್ಕವಾಗಿ ಇಟ್ಟಿರುತ್ತಾರೆ. ಮನೆಗಳಲ್ಲಿ ಮುಂದುವರಿಯುವ ಕ್ರೌರ್ಯಕ್ಕೂ ಲೆಂಟಿನ ಈ ಕೊರಗಿಗೂ ಇರುವ ನಂಟನ್ನು ನಾವು ಮಾತಾಡುವುದೇ ಇಲ್ಲ.

ಸಾಲದ ಉಪಮೆ ಹಳೆಯದೆನ್ನುವವರಿಗೆ ನಮ್ಮ ದೇಶದ ಕಾನೂನೊಂದನ್ನು ನೆನಪಿಸುತ್ತೇನೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಶಾಸನವಾದ ಜೀತಪದ್ಧತಿ ನಿರ್ಮೂಲನ ಕಾಯ್ದೆ ಜೀತದಾಳಿಗೆ ಸಾಲ ತೀರಿಸಲು ಹಣ ಕೊಡಲಿಲ್ಲ, ವಾಯಿದೆಯನ್ನೂ ಕೊಡಲಿಲ್ಲ. ಜೀತದ ಸಾಲವೇ ಅಳಿದುಹೋಯಿತೆಂದು ಅದರ 6ನೆಯ ಕಲಂ ಸಾರಿತು. 9ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಳಿದುಹೋದ ಸಾಲದ ಬಾಬ್ತು ಧಣಿ ಏನನ್ನಾದರೂ ತೆಗೆದುಕೊಂಡರೆ ಅದು ಅಪರಾಧವೆಂದು ಹೇಳಿತು. ಮೂರು ವರ್ಷದವರೆಗೆ ಸೆರೆ ಎಂದೂ ಬರೆಯಿತು. ಇಂಥ ಶಾಸನ ಬಂದ ಮರುದಿನ ಒಬ್ಬ ಜೀತದಾಳು ಎಂದಿನಂತೆ ಕೋಳಿ ಕೂಗುವ ಹೊತ್ತಿಗೆ ಎದ್ದು ಧಣಿಯ ಹೊಲಕ್ಕೆ ಹೋದನೆಂದು ಎಣಿಸಿ. ಅಪ್ಪ ತಿಂದ ಸಾಲ, ತೀರಿಸದೆ ಬಿಟ್ಟರೆ ನರಕ ಎನ್ನುತ್ತಾನೆ ಅವನು. ಅವನ ಪ್ರಾಮಾಣಿಕತೆಗೆ ಕಣ್ಣು ತೇವವಾಗುತ್ತದೆ. ಆದರೆ ಅವನನ್ನು ಹೊಗಳಿ ಹೊಲಕ್ಕೆ ಕಳಿಸುವವನು ಅವನ ಹಿತೈಷಿಯಲ್ಲ, ಧಣಿಯ ಕಡೆಯವನು. ದಿಲ್ಲಿಯ ಸಂಸತ್ತು ಅಳಿಸಿದ ಸಾಲಕ್ಕೆ ಕಂತು ಕಟ್ಟುವುದು ಅಮಾಯಕತೆ ಎಂದು ನಮಗೆ ಥಟ್ಟನೆ ತಿಳಿಯುತ್ತದೆ. ಶಿಲುಬೆಯ ಮೇಲೆ ಅಳಿಸಿದ ಸಾಲಕ್ಕೆ ಕಂತು ಕಟ್ಟುವುದು ಮಾತ್ರ ಭಕ್ತಿಯಾಗಿ ಕಾಣುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಪ್ರಾಣ ಬಿಡುವ ಮುನ್ನ ಆಡಿದ ಕೊನೆಯ ಮಾತಿಗೆ ನಮ್ಮ ಹಳೆಯ ಕನ್ನಡ ಬೈಬಲ್ಲಿನವರು ಆರಿಸಿದ್ದು ‘ತೀರಿತು’ ಎಂಬ ಒಂದೇ ಪದ. ಕೆಲಸ ಮುಗಿದದ್ದಕ್ಕೂ ಸಾಲ ಸಂದದ್ದಕ್ಕೂ ಕನ್ನಡದಲ್ಲಿ ಅದೇ ಪದವಿದೆ. ಅದಕ್ಕೆ ತುಸು ಮುಂಚೆ ಅದೇ ಬಾಯಿಂದ ಬಂದದ್ದು ತನಗೆ ನೀರಡಿಸಿದೆ ಎಂಬ ಮಾತು. ಉಪ್ಪು ತಿಂದವರು ನಾವು, ನೀರಡಿಸಿದವನು ಆತ. ಗಾದೆ ಸುಳ್ಳಾಗಲಿಲ್ಲ, ನಮ್ಮ ಬದಲು ಬೇರೊಬ್ಬನು ಅದನ್ನು ಪೂರೈಸಿದ.

ಪಶ್ಚಾತ್ತಾಪ ಆಳವಾದಷ್ಟೂ ಕ್ಷಮೆ ಹತ್ತಿರ ಎಂಬ ಎಣಿಕೆಯನ್ನು ಪೇತ್ರ, ಯೂದ ಇಬ್ಬರ ಕಥೆ ಒಡೆದುಹಾಕುತ್ತದೆ. ಒಂದೇ ರಾತ್ರಿ ಒಬ್ಬನು ಗುರುವನ್ನು ಹಿಡಿದುಕೊಟ್ಟ, ಇನ್ನೊಬ್ಬನು ಗುರುವನ್ನು ಅರಿಯೆನೆಂದ. ಯೂದ ಮುಂದೆ ಏನು ಮಾಡಿದನೆಂದು ಮತ್ತಾಯನ 27ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅವನು ಪಶ್ಚಾತ್ತಾಪಪಟ್ಟ. ನಿರಪರಾಧಿಯ ರಕ್ತಕ್ಕೆ ಕಾರಣನಾದೆನೆಂದು ಬಾಯಿಬಿಟ್ಟು ಒಪ್ಪಿಕೊಂಡ. ಮೂವತ್ತು ಬೆಳ್ಳಿ ನಾಣ್ಯಗಳನ್ನು ತಿರುಗಿ ಕೊಡಹೋದ. ಲೆಂಟಿನಲ್ಲಿ ನಾವು ಒಬ್ಬ ಪಾಪಿಯಿಂದ ಕೇಳುವ ಎಲ್ಲವನ್ನೂ ಯೂದ ಮಾಡಿದ್ದಾನೆ. ಅವನು ಹೋದದ್ದು ಯಾಜಕರ ಬಳಿಗೆ. ಅದು ನಿನ್ನ ಪಾಡು ಎಂದು ಅವರು ಮುಖ ತಿರುಗಿಸಿದರು. ತನ್ನ ಶಿಕ್ಷೆಯನ್ನು ತಾನೇ ವಿಧಿಸಿಕೊಂಡು ಅವನು ಅಳಿದ. ಪೇತ್ರ ಒಪ್ಪಿಕೊಂಡ ಮಾತೊಂದೂ ಆ ರಾತ್ರಿಯ ಕಥೆಯಲ್ಲಿ ದಾಖಲಾಗಿಲ್ಲ, ಹೊರಗೆ ಹೋಗಿ ಅತ್ತನೆಂಬುದಷ್ಟೇ ಇದೆ. ಅವನು ಬದುಕಿದ್ದು ಹೆಚ್ಚು ಅತ್ತದ್ದಕ್ಕಲ್ಲ. ತಿಬೇರಿಯ ಸಮುದ್ರದ ದಡದಲ್ಲಿ ಎದ್ದುಬಂದವನು ಕರೆದಾಗ, ದೋಣಿಯಿಂದ ನೀರಿಗೆ ಧುಮುಕಿ ಆತನ ಬಳಿಗೆ ಹೋದನಲ್ಲ, ಅದಕ್ಕೆ. ದಡದಲ್ಲಿ ಇದ್ದಿಲ ಬೆಂಕಿ ಉರಿಯುತ್ತಿತ್ತೆಂದು ಯೋಹಾನ ಬರೆದಿದ್ದಾನೆ. ಪೇತ್ರ ಗುರುವನ್ನು ಅಲ್ಲಗಳೆದ ಅಂಗಳದಲ್ಲಿಯೂ ಇದ್ದಿಲ ಬೆಂಕಿಯೇ ಇತ್ತು. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಈ ಎರಡು ಕಡೆ ಮಾತ್ರ. ಯೇಸು ಅವನನ್ನು ಅಂಥದೇ ಬೆಂಕಿಯ ಎದುರಿಗೆ ಕೂಡಿಸಿ, ರೊಟ್ಟಿ ಮೀನು ಕೊಟ್ಟು, ಊಟವಾದ ಮೇಲೆ ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿದ. ಊಟ ಮೊದಲು, ವಿಚಾರಣೆ ಆಮೇಲೆ. ವಿಚಾರಣೆಯಲ್ಲಿಯೂ ಹಳೆಯ ತಪ್ಪಿನ ಹೆಸರೆತ್ತಲಿಲ್ಲ, ಕುರಿ ಮೇಯಿಸುವ ಕೆಲಸ ಕೊಟ್ಟ.

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಣೆ ನನಗೆ ಗೊತ್ತು. ಹೀಗೆ ಹೇಳಿದರೆ ಜನ ಹದ್ದು ಮೀರುತ್ತಾರೆ, ಭಾನುವಾರ ಕ್ಷಮೆ ತೆಗೆದುಕೊಂಡು ಸೋಮವಾರ ಮತ್ತದೇ ಕೆಲಸ ಮಾಡುತ್ತಾರೆ ಎಂದು ಸಭಾಪಾಲಕರೂ ಹಿರಿಯರೂ ಹೆದರುತ್ತಾರೆ. ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಶ್ ಬೊನ್‌ಹೋಫರ್ 1937ರ ತನ್ನ ಪುಸ್ತಕದಲ್ಲಿ ಅಗ್ಗದ ಕೃಪೆಯನ್ನು ಖಂಡಿಸಿದ್ದನ್ನು ಓದಿದವರು ಉದಾಹರಿಸುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಬೊನ್‌ಹೋಫರ್ ಖಂಡಿಸಿದ್ದು ಹಿಂಬಾಲಿಸುವ ಮನಸ್ಸಿಲ್ಲದೆ ಕ್ಷಮೆಯನ್ನು ಮಾತ್ರ ಜೇಬಿಗಿಳಿಸುವುದನ್ನು. ಕೃಪೆ ದುಬಾರಿ ಎಂದಾಗ ಅವನು ಮೊದಲು ಹೇಳುವುದು ದೇವರಿಗೆ ಅದು ದುಬಾರಿಯಾಯಿತು, ಮಗನ ಪ್ರಾಣವೇ ಹೋಯಿತು ಎಂದು. ಅಷ್ಟು ಬೆಲೆಯ ವಸ್ತುವನ್ನು ಬೇಡವೆಂದು ಹಿಂದಕ್ಕೆ ತಳ್ಳುವವನು ಅದರ ಬೆಲೆ ಕಟ್ಟಿದಂತಾಗಲಿಲ್ಲ. ಲೂಥರ್ 1517ರಲ್ಲಿ ಬರೆದ 95 ಪ್ರತಿಪಾದನೆಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಬದುಕೆಲ್ಲ ಪಶ್ಚಾತ್ತಾಪವಾಗಿರಬೇಕು ಎನ್ನುತ್ತದಲ್ಲ ಎಂದು ಕೇಳುವವರೂ ಇದ್ದಾರೆ. ಹೌದು. ಆದರೆ ಅದೇ ಪ್ರತಿಪಾದನೆಗಳು ಹುಟ್ಟಿದ್ದು ಕ್ಷಮೆಗೆ ದರ ಕಟ್ಟಿ ಚೀಟಿ ಮಾರುವುದರ ವಿರುದ್ಧ. ಪಶ್ಚಾತ್ತಾಪ ಎಂದರೆ ತಿರುಗಿಕೊಳ್ಳುವುದು. ತಿರುಗಿಕೊಂಡವನು ಮನೆಯ ಕಡೆಗೆ ನಡೆಯಬೇಕು. ದಾರಿಯಲ್ಲಿಯೇ ಕೂತು ತಾನು ಬಂದ ದಾರಿ ಎಷ್ಟು ಹೊಲಸಾಗಿತ್ತೆಂದು ನಲವತ್ತು ದಿನ ವರ್ಣಿಸುವವನು ಇನ್ನೂ ತಿರುಗಿಲ್ಲ. ಜನ ಹದ್ದು ಮೀರುವ ಮಾತಿಗೆ ಬಂದರೆ, ಕುಡಿದು ಸಂಸಾರ ಹಾಳುಮಾಡಿಕೊಂಡವನನ್ನು ಮತ್ತೆ ಹೆಂಡದಂಗಡಿಗೆ ಅಟ್ಟುವುದು ಕ್ಷಮೆಯ ಮಾತಲ್ಲ. ತನ್ನ ಕಥೆ ಮುಗಿದೇಹೋಯಿತು ಎಂಬ ನಿರಾಶೆ ಅವನನ್ನು ಅಟ್ಟುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ತಲೆಬಾಗಿಯೇ ಉತ್ತರ ಹೇಳಬೇಕು. ದೇವರು ಕ್ಷಮಿಸಿದ ಎಂದು ತಪ್ಪು ಮಾಡಿದವನು ಹಗುರಾಗಿ ನಡೆದರೆ, ಪೆಟ್ಟು ತಿಂದವರ ಗತಿಯೇನು? ಕೂಲಿ ಸಿಗದೆ ಮೋಸಹೋದವರು, ಜಾತಿಯ ಹೆಸರಿನಲ್ಲಿ ಹೊಸ್ತಿಲಾಚೆ ನಿಲ್ಲಿಸಿಕೊಂಡವರು, ಗಂಡನ ಕೈಯಿಂದ ಹೊಡೆತ ತಿಂದವಳು, ಇವರ ಬಾಯಿ ಮುಚ್ಚಿಸಲು ಕ್ಷಮೆಯ ಮಾತನ್ನು ಬಳಸಿದ್ದುಂಟು. ಹಾಗೆ ಬಳಸಿದವರು ಸುವಾರ್ತೆಯನ್ನು ಕದ್ದಿದ್ದಾರೆ. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗೆಂದು ಯೇಸುವೇ ಕಲಿಸಿದ್ದಾನೆ. ದೇವರ ಕ್ಷಮೆ ನೆರೆಯವನ ಹಕ್ಕನ್ನು ಅಳಿಸುವುದಿಲ್ಲ. ಆದರೆ ಆ ಹಕ್ಕನ್ನು ನಿಜವಾಗಿ ಸಲ್ಲಿಸುವವರು ಯಾರೆಂದು ಜಕ್ಕಾಯನ ಮನೆಯಲ್ಲಿ ಕಾಣುತ್ತದೆ. ತೆರಿಗೆಯ ಹೆಸರಿನಲ್ಲಿ ಸುಲಿದವನ ಮನೆಗೆ ಯೇಸು ತಾನಾಗಿಯೇ ಊಟಕ್ಕೆ ಬರುತ್ತೇನೆಂದ. ಸುಲಿದದ್ದನ್ನು ಮೊದಲು ಹಿಂತಿರುಗಿಸು, ಆಮೇಲೆ ಬರುತ್ತೇನೆ ಎನ್ನಲಿಲ್ಲ. ಜಕ್ಕಾಯ ಎದ್ದುನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಎಂದದ್ದು ಆ ಅತಿಥಿಯನ್ನು ಬರಮಾಡಿಕೊಂಡ ಮೇಲೆ. ಕ್ಷಮೆಯನ್ನು ತೆಗೆದುಕೊಂಡವನ ಕೈ ಬಿಚ್ಚಿತು. ಕೊರಗಿನಲ್ಲಿ ಮುಳುಗಿದವನಿಗೆ ಪೆಟ್ಟು ತಿಂದವರ ಮುಖ ಕಾಣುವುದೇ ಇಲ್ಲ, ಅವನ ಕಣ್ಣೆಲ್ಲ ತನ್ನ ಮೇಲೆಯೇ ಇರುತ್ತದೆ. ಉಪವಾಸ ಮಾಡಿ ಉಳಿಸಿದ ಊಟದಿಂದ ಮೋಸಹೋದವನ ಹೊಟ್ಟೆ ತುಂಬಿದರೆ ಅದು ಲೆಂಟ್. ಬರಿಯ ತನ್ನ ಹೊಟ್ಟೆ ಒಣಗಿದರೆ ಅದು ಇನ್ನೊಂದು ಕಂತು.

ದೇವರು ಕ್ಷಮಿಸಿರಬಹುದು, ನನ್ನ ಮನಸ್ಸೇ ಒಪ್ಪುವುದಿಲ್ಲ ಎನ್ನುವವರಿಗೆ ಗಟ್ಟಿ ದನಿಯಲ್ಲಿ ಹೇಳುವ ಮಾತಿಲ್ಲ. ಮುಂದೆ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿದ್ದಾಗ ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿದರೂ ಸಮಾಧಾನ ಸಿಗದೆ ಪ್ರಾಣ ಬಿಡುವ ಯೋಚನೆಗೂ ಬಂದಿದ್ದ. ಬಿಡುಗಡೆ ಸಿಕ್ಕಿದ್ದು, ಕಳೆದ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದ ದಿನ. ಪಾಪವನ್ನು ನೆನೆಯುವುದು ಯಾವಾಗಲೂ ದೇವರಿಂದ ಬಂದ ಪ್ರೇರಣೆಯಲ್ಲ ಎಂಬುದನ್ನು ಅವನು ಮೈಯಿಂದ ಕಲಿತ. ತಪ್ಪಿತಸ್ಥ ಭಾವ ಕೆಲವರಲ್ಲಿ ಖಿನ್ನತೆಯ ಲಕ್ಷಣವಾಗಿಯೂ ಇರುತ್ತದೆ; ಮಾಡದ ಪಾಪಕ್ಕೂ ಮನಸ್ಸು ಶಿಕ್ಷೆ ಕೇಳುತ್ತದೆ. ಅಂಥವರಿಗೆ ಇನ್ನೊಂದು ಉಪವಾಸ ಹೇಳುವುದು ಗಾಯಕ್ಕೆ ಉಪ್ಪು ತಿಕ್ಕಿದಂತೆ. ಅವರನ್ನು ಜೊತೆಯಲ್ಲಿ ಕರೆದುಕೊಂಡು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದು ಸಭಾಪಾಲಕರ ಸೇವೆಯ ಭಾಗವೇ. ಉಳಿದವರಿಗೆ ಹೇಳಬಹುದಾದದ್ದು ಇಷ್ಟು: ಮನಸ್ಸು ಒಪ್ಪಿದ ಮೇಲೆ ಕ್ಷಮೆ ನಿಜವಾಗುವುದಲ್ಲ. ಜೀತದ ಸಾಲ ಅಳಿದದ್ದು ಶಾಸನದ ಮಾತಿನಿಂದ, ಆಳಿನ ಎದೆ ಹಗುರಾದದ್ದರಿಂದಲ್ಲ.

ಕೈಯೊಡ್ಡುವುದು ಹೇಗೆಂದು ನಮ್ಮ ನೆಲಕ್ಕೆ ಮೊದಲೇ ಗೊತ್ತಿದೆ. ಕಥೋಲಿಕರು ಕೃಪೆಗೆ ಕನ್ನಡದಲ್ಲಿ ವರಪ್ರಸಾದ ಎನ್ನುತ್ತಾರೆ, ಕರ್ತನ ಭೋಜನಕ್ಕೆ ಪರಮಪ್ರಸಾದ. ಪ್ರಸಾದಕ್ಕೆ ಯಾರೂ ದರ ಕೇಳುವುದಿಲ್ಲ. ನಾನು ಯೋಗ್ಯನಲ್ಲ ಎಂದು ಕೈ ಹಿಂದೆಗೆದರೆ ಅದನ್ನು ವಿನಯವೆಂದು ಯಾರೂ ಎಣಿಸುವುದಿಲ್ಲ, ಕೊಟ್ಟವರಿಗೆ ನೋವಾಗುತ್ತದೆ. ನಮ್ಮ ಲಿಂಗಾಯತ ನೆರೆಯವರ ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು, ಪ್ರಸಾದವೂ ಒಂದು. ಆವರಣವೆಂದರೆ ಹೊದಿಕೆ, ಕಾಪು. ಅವರು ದಿನವೂ ಹಣೆಗೆ ಹಚ್ಚುವ ಬೂದಿ ಆಶ್ರಯದ ಗುರುತು. ನಾವು ವರ್ಷಕ್ಕೊಮ್ಮೆ ಹಚ್ಚಿಕೊಳ್ಳುವ ಬೂದಿಯೂ ಶಿಲುಬೆಯ ಆಕಾರದಲ್ಲಿಯೇ ಬೀಳುತ್ತದೆ. ಮಣ್ಣಾಗುವವರು ಎಂಬ ನೆನಪಿನ ಜೊತೆಗೆ ಯಾರಿಗೆ ಸೇರಿದವರು ಎಂಬ ಗುರುತೂ ಅದರಲ್ಲಿದೆ.

ಕರ್ತನ ಭೋಜನದ ಹೊತ್ತಿಗೆ ಹಿಂದಿನ ಬೆಂಚುಗಳಿಂದ ಮೆಲ್ಲಗೆ ಎದ್ದು ಹೊರಗೆ ಹೋಗುವವರು ನಮ್ಮ ಸಭೆಗಳಲ್ಲಿ ಇದ್ದೇ ಇದ್ದಾರೆ. ಅಯೋಗ್ಯವಾಗಿ ತಿಂದರೆ ಶಿಕ್ಷೆ ಎಂಬ ಪೌಲನ ಮಾತಿಗೆ ಹೆದರಿ ಹೋಗುತ್ತಾರೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯವನ್ನು ಮೇಲಿನಿಂದ ಓದಿದರೆ ಅಲ್ಲಿಯ ಅಯೋಗ್ಯತೆ ಯಾವುದೆಂದು ತಿಳಿಯುತ್ತದೆ. ಉಳ್ಳವರು ಮೊದಲೇ ತಿಂದು ಕುಡಿದು, ಇಲ್ಲದವರು ಹಸಿದು ಕೂತಿದ್ದರು. ಪೌಲನ ಸಿಟ್ಟು ಆ ಪಂಕ್ತಿಭೇದದ ಮೇಲೆ. ಪಾಪಿಗಳು ಆ ಮೇಜಿಗೆ ಬರಬಾರದೆಂದು ಅವನು ಅಲ್ಲಿ ಬರೆದಿಲ್ಲ. ಬರೆದಿದ್ದರೆ ಮೊದಲ ಭೋಜನಕ್ಕೆ ಕೂತಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಸಭಾಪಾಲಕರಲ್ಲಿ ನನ್ನ ಕೋರಿಕೆ: ಈ ವರ್ಷದ ಪವಿತ್ರ ಗುರುವಾರ ಪಾಪದ ಪಟ್ಟಿಯನ್ನು ಅರ್ಧ ಮಾಡಿ, ಕ್ಷಮೆಯ ಘೋಷಣೆಯನ್ನು ಹಿಂದಿನ ಬೆಂಚಿಗೂ ಕೇಳುವಂತೆ ಓದಿರಿ. ಹಿಂದಿನ ಬೆಂಚಿನವರಲ್ಲಿ ನನ್ನ ಕೋರಿಕೆ: ಆ ಹೊತ್ತಿಗೆ ಎದ್ದು ಹೋಗಬೇಡಿ. ಮುಂದೆ ಬಂದು ಕೈಯೊಡ್ಡಿರಿ.